ನೂಲಿನ ಖೋಲಿ

ರಾಧಿಕಾ ಎರಡೆರಡು ಪಾವಟಿಗೆ ಹಾರುತ್ತ ಮೇಲೆ ಓಡಿದಳು. ಹೆಗಲ ಚೀಲ ಗೋಡೆಗೆ ಉಜ್ಜಿತು, ಒಂದು ಚಪ್ಪಲಿ ಕಾಲಿನಿಂದ ಜಾರಿ ಕೆಳಗುರುಳಿತು, ಅವಳು ತಿರುಗಿ ನೋಡಲಿಲ್ಲ. ಕೆಳಗೆ ಮನೆಯ ಮಾಲಕ ಗಿರಿಮಲ್ಲಪ್ಪನ ಮಗ್ಗಗಳು ಎಂದಿನಂತೆ ಖಟಖಟ ಹೊಡೆದುಕೊಳ್ಳುತ್ತಿದ್ದವು. ಆ ಗದ್ದಲವನ್ನು ಸೀಳಿಕೊಂಡು ಮೇಲಿನಿಂದ ಇನ್ನೊಂದು ಸಪ್ಪಳ ಬರುತ್ತಿತ್ತು. ತಪ್ ತಪ್, ಒಂದು ತಡೆ, ಮತ್ತೆ ತಪ್. ಆ ತಡೆಯಲ್ಲಿ ಬಳೆಗಳ ಸಣ್ಣ ಕಿಣಿ. ರೊಟ್ಟಿ ಬಡಿಯುವವರು ಬನಹಟ್ಟಿಯಲ್ಲಿ ಮನೆಗೊಬ್ಬರು ಇದ್ದಾರೆ. ಆದರೆ ಹೀಗೆ ನಡುವೆ ಉಸಿರು ಹಿಡಿದಂತೆ ನಿಂತು, ಏನೋ ನೆನಪಾದಂತೆ ಮತ್ತೆ ಬಡಿಯುವವಳು ಲೋಕದಲ್ಲಿ ಒಬ್ಬಳೇ.

‘ಅವ್ವಾ!’ ಎನ್ನುತ್ತ ಬಾಗಿಲು ನೂಕಿದಳು.

ಒಲೆಯ ಮುಂದೆ ಭಾಗ್ಯಾ ಕೂತಿದ್ದಳು. ಮೊಣಕೈವರೆಗೆ ಹಿಟ್ಟು, ಹಣೆಯ ಮೇಲೂ ಒಂದು ಬೆರಳಗಲ ಹಿಟ್ಟು. ಪಕ್ಕದಲ್ಲಿ ರೊಟ್ಟಿಗಳು ಒಂದರ ಮೇಲೊಂದು ಏರಿ ಏರಿ, ಇನ್ನೇನು ವಾಲುತ್ತವೆ ಅನ್ನುವ ಹಾಗೆ ನಿಂತಿದ್ದವು.

‘ಅವ್ವ ಬಂದಿಲ್ರಿ ಅಕ್ಕಾ. ನಾನು’ ಅಂದಳು.

ರಾಧಿಕಾ ಬಾಗಿಲಲ್ಲೇ ನಿಂತಳು. ಓಡಿ ಬಂದ ಏದುಸಿರನ್ನು ಈಗ ಏನು ಮಾಡಬೇಕೆಂದು ತಿಳಿಯಲಿಲ್ಲ.

‘ಇಷ್ಟ್ಯಾಕ ಮಾಡೀ ಬೇ? ದಿಬ್ಬಣ ಬರಾಕತ್ತೈತೇನು?’

‘ಕಮ್ಮೀನ ಮಾಡೇನ್ರಿ. ಹಿಟ್ಟು ಸಣ್ಣ ಡಬ್ಬಿಯಿಂದ ತಗೊಂಡೇನಿ.’

‘ಇಬ್ಬರಿಗೆ?’

ಭಾಗ್ಯಾ ರೊಟ್ಟಿಗಳತ್ತ ನೋಡಿದಳು, ರಾಧಿಕಾಳತ್ತ ನೋಡಿದಳು. ಇಬ್ಬರಿಗೆ ಎನ್ನುವುದು ಅವಳಿಗೆ ಕೈಗೆ ಸಿಗದ ಲೆಕ್ಕವಾಗಿತ್ತು. ಅವಳು ಬೆಳೆದದ್ದು ಜಮಖಂಡಿಯ ಹೆಣ್ಣುಮಕ್ಕಳ ಆಶ್ರಮದಲ್ಲಿ. ಅಲ್ಲಿಯ ಅತಿ ಸಣ್ಣ ಪಾತ್ರೆಯಲ್ಲೂ ಒಂದು ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದಿತ್ತು. ಹದಿನೆಂಟು ತುಂಬಿದ ಮೇಲೆ ಯಾರೂ ಅಲ್ಲಿ ಇರುವ ಹಾಗಿಲ್ಲ. ಭಾಗ್ಯಾಳಿಗೂ ತುಂಬಿತು. ‘ಎಲ್ಲಿಗೆ ಹೋಗ್ತೀ?’ ಎಂದು ಕೇಳಿದಾಗ ಅವಳು ‘ನೀವು ಹೇಳಿದಲ್ಲಿಗಿ’ ಅಂದಳಂತೆ. ಆಶ್ರಮದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ತಾರವ್ವ ಹೇಳಿದಳು: ಬನಹಟ್ಟಿಗೆ ಹೋಗು, ನನ್ನ ಮಗಳ ಹತ್ತಿರ.

ಆ ಮಗಳು ರಾಧಿಕಾ.

ಹೊಟ್ಟೆಕಿಚ್ಚು ಅಂದರೆ ಧಗಧಗ ಉರಿಯುವ ಬೆಂಕಿ ಎಂದುಕೊಂಡವರಿಗೆ ಅದರ ಪರಿಚಯ ಅಷ್ಟಕ್ಕಷ್ಟೆ. ಅದು ಕುಳ್ಳಿನ ಕಾವು. ಹೊಗೆಯಿಲ್ಲ, ಜ್ವಾಲೆಯಿಲ್ಲ, ಮೇಲೆ ಬೂದಿ, ತಣ್ಣಗಿದೆ ಎಂದು ಕೈಯಿಟ್ಟರೆ ಚರ್ಮ ಸುಲಿಯುತ್ತದೆ. ರಾಧಿಕಾಳ ಹೊಟ್ಟೆಯಲ್ಲಿ ಆ ಕುಳ್ಳು ಅವಳು ಸಾಲೆಗೆ ಹೋಗುವ ಮುಂಚಿನಿಂದ ಇತ್ತು. ಅಪ್ಪ ತೀರಿದ ವರ್ಷವೇ ತಾರವ್ವ ಆಶ್ರಮದ ಕೆಲಸಕ್ಕೆ ಸೇರಿದಳು. ಹಗಲೂ ರಾತ್ರಿ ಅಲ್ಲೇ ಇರಬೇಕು; ಸ್ವಂತ ಮಗುವನ್ನು ಜೊತೆಗೆ ಇಟ್ಟುಕೊಳ್ಳುವ ಹಾಗಿಲ್ಲ. ತಾಯಿಯಿಲ್ಲದ ಮಕ್ಕಳಿಗೆ ತಾಯಿ ಬೇಕೆಂದು ಮಾಡಿದ ಆ ನಿಯಮಕ್ಕೆ ಒಂದು ಮಗು ತಾಯಿಯನ್ನು ಬಿಟ್ಟುಕೊಡಬೇಕಾಯಿತು. ಆ ಮಗು ಸಾವಳಗಿಯಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆಯಿತು. ತಾರವ್ವ ಯಾವಾಗಲೋ ಒಮ್ಮೆ ಬಸ್ಸಿಳಿದು ಬರುತ್ತಿದ್ದಳು, ಮೈಯೆಲ್ಲ ಫಿನೈಲಿನ ವಾಸನೆ. ತಲೆ ಬಾಚುತ್ತಿದ್ದಳು, ಅರ್ಧ ಬಾಚುವುದರೊಳಗೆ ಜಮಖಂಡಿ ಬಸ್ಸಿನ ಹೊತ್ತಾಗುತ್ತಿತ್ತು. ಉಳಿದ ಜಡೆಯನ್ನು ಅಜ್ಜಿ ಹೆಣೆಯುತ್ತಿದ್ದಳು. ಮೇಲರ್ಧ ಬಿಗಿ, ಕೆಳಗರ್ಧ ಸಡಿಲ. ಆ ಜಡೆಯನ್ನು ರಾಧಿಕಾ ಬಿಚ್ಚದೆ ದಿನಗಟ್ಟಲೆ ಹಾಗೇ ಇಟ್ಟುಕೊಳ್ಳುತ್ತಿದ್ದಳು.

ಒಮ್ಮೆ ಅಜ್ಜಿ ಅವಳನ್ನು ಆಶ್ರಮಕ್ಕೆ ಕರೆದುಕೊಂಡು ಹೋಗಿದ್ದಳು. ಅವತ್ತು ಯಾರದೋ ಮಗನ ಹುಟ್ಟುಹಬ್ಬ. ದಾನಿಗಳು ಲಾಡು ಹಂಚುತ್ತಿದ್ದರು, ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಲಾಡು ಕೈಗೆ ಬಂದರೂ ಯಾರೂ ಕಚ್ಚುವಂತಿಲ್ಲ. ಎದೆಯ ಮಟ್ಟಕ್ಕೆ ಹಿಡಿದು ಫೋಟೋ ಮುಗಿಯುವವರೆಗೆ ಕಾಯಬೇಕು. ರಾಧಿಕಾ ಓಡಿಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಅವಳ ಕೈಗೂ ಒಂದು ಲಾಡು ಬಂತು. ಆಗ ತಾರವ್ವ ಬಂದು, ‘ಇಕಿ ನನ್ನ ಮಗಳ್ರಿ, ಇಕಿಗಿ ಬ್ಯಾಡ’ ಎಂದು ಲಾಡನ್ನು ವಾಪಸು ಬುಟ್ಟಿಗೆ ಹಾಕಿ ಅವಳನ್ನು ಸಾಲಿನಿಂದ ಹೊರಗೆಳೆದಳು. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು. ಅದು ರಾಧಿಕಾಳಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಕಂಡದ್ದು ಇಷ್ಟೇ: ಹೊರಗೆ ನಿಂತವಳು ತಾನು, ಅವ್ವನ ಸೆರಗು ಹಿಡಿದು ಲಾಡು ಎದೆಗಿಟ್ಟುಕೊಂಡು ನಿಂತಿರುವುದು ಮೂಗು ಸೋರುವ ಒಂದು ಪುಟ್ಟ ಹುಡುಗಿ. ಅವಳ ಕೊರಳಲ್ಲಿ ಬೀರೇಶ್ವರನ ಭಂಡಾರದ ಅರಿಸಿನ ಕಟ್ಟಿದ ಹಳದಿ ಅರಿವೆಯ ಗಂಟು. ಅನಗವಾಡಿಯ ಕಡೆಯಿಂದ ಯಾರೋ ತಂದು ಬಿಟ್ಟಾಗ ಅವಳ ಮೈಮೇಲಿದ್ದ ಆಸ್ತಿ ಅದೊಂದೇ.

ಆ ಗಂಟು ಈಗ, ಒಲೆಯ ಬೆಳಕಿನಲ್ಲಿ, ಭಾಗ್ಯಾಳ ಕೊರಳಲ್ಲಿ ತೂಗುತ್ತಿತ್ತು.

‘ಈ ಕೈ ಎಲ್ಲಿ ಕಲತಿ?’ ರಾಧಿಕಾ ಕೇಳಿದಳು.

‘ಯಾವ ಕೈ ರೀ?’

‘ರೊಟ್ಟಿ ಬಡಿಯೂದು.’

‘ಅವ್ವನ ಮಗ್ಗಲದಾಗ ಕುಂತು.’

ಆ ದಿನ ರೊಟ್ಟಿಗಳನ್ನು ಓಣಿಯ ಮನೆ ಮನೆಗೆ ಹಂಚಿದರು. ಗಿರಿಮಲ್ಲಪ್ಪ ಗುರೆಳ್ಳ ಹಿಂಡಿ ಹಚ್ಚಿಕೊಂಡು ತಿಂದು, ‘ದಿನಾ ತಪ್ಪು ಮಾಡವ್ವಾ, ನಮ್ದೇನೂ ತಕರಾರಿಲ್ಲ’ ಅಂದ. ರಾಧಿಕಾ ಒಂದನ್ನೂ ತಿನ್ನಲಿಲ್ಲ. ಕೆಲಸದ ಲ್ಯಾಬಿನಲ್ಲೇ ತಿಂದು ಬಂದೇನಿ ಅಂದಳು. ಹಸಿವು ಕರುಳು ಹಿಂಡುತ್ತಿತ್ತು.

ಈ ಮೇಲಿನ ಮನೆಯನ್ನು ಅವಳು ಹಿಡಿದದ್ದು ಅವ್ವನಿಗಾಗಿ. ತಾರವ್ವ ಆಶ್ರಮದ ಕೆಲಸ ಬಿಡುವವಳಿದ್ದಳು. ಇನ್ನು ತಿಂಗಳೊಳಗೆ ಮಗಳ ಜೊತೆ ಇರಲು ಬರುತ್ತಾಳೆ. ಒಂದೇ ಮನೆಯಲ್ಲಿ, ಬಸ್ಸಿನ ಹೊತ್ತು ನೋಡದೆ, ಪೂರ್ತಿ ಜಡೆ. ಅದಕ್ಕೆಂದೇ ಎರಡು ಖೋಲಿ, ಗಾಳಿಗೆ ಎದುರುಬದುರು ಕಿಟಕಿ, ಹೊರಗೆ ಕಟ್ಟೆಯಂಥ ಬಿಸಿಲು ಮಾಳಿಗೆ. ಅವ್ವ ಅಲ್ಲಿ ಕೂತು ಬಿಸಿಲು ಕಾಯುವುದನ್ನು ರಾಧಿಕಾ ಲ್ಯಾಬಿನಲ್ಲಿ ಅಪರಿಚಿತರ ರಕ್ತ ತೆಗೆಯುತ್ತ ಎಷ್ಟು ಸಲ ಕಂಡಿದ್ದಳೋ. ಆ ಚಿತ್ರದಲ್ಲಿ ಭಾಗ್ಯಾ ಎಲ್ಲೂ ಇರಲಿಲ್ಲ.

ಮರುದಿನ ಅವ್ವನ ಫೋನು ಬಂತು.

‘ಭಾಗ್ಯಾ ಉಂಡಳೇನ?’

‘ನಾನೂ ಉಂಡೇನಿ ಯವ್ವಾ. ನೀ ಕೇಳದಿದ್ರೂ ಹೇಳ್ತೇನಿ.’

ತಾರವ್ವ ನಕ್ಕಳು. ‘ನಿನಗ ಯಾಕ ಕೇಳಬೇಕ? ನೀ ಹಸವಾದ್ರ ಬಾಯಿ ತೆಗೀತಿ. ಅಕಿ ತೆಗಿಯಂಗಿಲ್ಲ. ರಾಧಿ, ಒಂದ್ ಕೆಲಸ ಮಾಡು. ಅಕಿಗಿ ಒಲ್ಲೆ ಅನ್ನೂದ ಕಲಸು.’

‘ಏನು?’

‘ಒಲ್ಲೆ. ಅಕಿ ಬಾಯಾಗ ಆ ಮಾತ ಇಲ್ಲ. ಇಲ್ಲಿ ನಾವ ಅನಗೊಡಲಿಲ್ಲ. ಒಂದ್ ದಿವಸಕ್ಕ ನಾಕ್ ಮಂದಿ ಸ್ವೀಟ್ ತಂದ್ರ ನಾಕೂ ತಿನಬೇಕ, ಜ್ವರ ಬಂದಿದ್ರೂ ತಿನಬೇಕ. ಒಬ್ಬಕಿ ಒಲ್ಲೆ ಅಂದ್ರ ಕೊಡಾವ್ರ ಮುಖಾ ಸಣ್ಣದ ಆಕ್ಕೈತಿ, ಮುಂದಿನ ವರ್ಸ ಬರಂಗಿಲ್ಲ. ಬಟ್ಟಿ ಕೊಟ್ರ ಹೂಂ, ಬೈದ್ರ ಹೂಂ. ಹಿಂಗ ಹೊರಗ ಬಿದ್ರ ಮಂದಿ ಅಕಿನ್ನ ಹರಕೊಂಡು ತಿಂತಾರ. ನನ್ನ ಕೈಲೆ ಆಗಲಿಲ್ಲ. ನೀ ಛಲೋ ಹಟಮಾರಿ ಅದಿ, ನಿನ್ನ ಕೈಲೆ ಆಕ್ಕೈತಿ.’

ಹಟಮಾರಿ ಎನ್ನುವುದು ಹೊಗಳಿಕೆಯೋ ಬೈಗುಳವೋ ಎಂದು ರಾಧಿಕಾ ಇಡೀ ದಿನ ಮೆಲುಕು ಹಾಕಿದಳು.

ಅವ್ವನ ಮಾತು ಖರೆಯೇ ಆಗಿತ್ತು. ಕಾಯಿಪಲ್ಯೆಯವಳು ಮೆತ್ತಗಾದ ಬದನೆಕಾಯಿ ಚೀಲಕ್ಕೆ ಹಾಕಿದರೆ ಭಾಗ್ಯಾ ಹೂಂ ಅನ್ನುತ್ತಿದ್ದಳು. ಓಣಿಯ ಹೆಂಗಸರು ಚಹ ಕೊಟ್ಟರೆ ಮನೆಗೊಂದು ಕಪ್ಪು ಕುಡಿದು ಹೊಟ್ಟೆ ಹಿಡಿದುಕೊಂಡು ಮೇಲೆ ಬರುತ್ತಿದ್ದಳು. ಗಿರಿಮಲ್ಲಪ್ಪ ಮಗ್ಗಕ್ಕೆ ಬೇಕಾದ ಹೊಕ್ಕಿನ ನೂಲನ್ನು ಕಂಡಕಿ ಎಂಬ ಸಣ್ಣ ಉರುಳೆಗಳಿಗೆ ಸುತ್ತುವ ಕೆಲಸಕ್ಕೆ ಅವಳನ್ನು ಹಚ್ಚಿಕೊಂಡಿದ್ದ. ‘ಇನ್ನೊಂದೀಟು ಸುತ್ತವ್ವಾ’ ಅಂದರೆ ಹೂಂ, ‘ಇನ್ನೊಂದೀಟು’ ಅಂದರೆ ಮತ್ತೂ ಹೂಂ. ಯಾರು ಏನು ತಿನ್ನಲು ಕೊಟ್ಟರೂ ಅದನ್ನು ಎದೆಯ ಮಟ್ಟಕ್ಕೆ ಹಿಡಿದು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದಳು. ಯಾತಕ್ಕೆಂದು ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ರಾಧಿಕಾಳಿಗೆ ತಿಳಿಯುತ್ತಿತ್ತು. ಫೋಟೋ.

‘ಕುಂಡ್ರು ಇಲ್ಲೆ’ ಅಂದಳು ರಾಧಿಕಾ ಒಂದು ಸಂಜೆ. ‘ಚಾ ಕುಡಿತೀ?’

‘ಹೂಂ ರಿ.’

‘ಒಲ್ಲೆ ಅನಬೇಕ.’

‘ಹೂಂ ರಿ. ಒಲ್ಲೆ.’

‘ಮೊದಲ ಹೂಂ ಅನಬಾರದ ಬೇ! ಮತ್ತ ಕೇಳ್ತೇನಿ. ನನ್ನ ಹಳೇ ಚೂಡಿದಾರ ತಗೋತಿ?’

ಭಾಗ್ಯಾ ಬಾಯಿ ತೆರೆದಳು, ಮುಚ್ಚಿದಳು. ‘ಯಾವ ಬಣ್ಣದ್ದ್ರೀ?’

ರಾಧಿಕಾಳಿಗೆ ನಗು ಬಂತು, ತಡೆದುಕೊಳ್ಳಲು ಆಗಲಿಲ್ಲ. ಇಬ್ಬರೂ ನಕ್ಕರು. ನಗುತ್ತ ನಗುತ್ತ ಭಾಗ್ಯಾ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು, ಕಿರುಬೆರಳು ಮೂಗಿನ ಪಕ್ಕಕ್ಕೆ ಚಾಚಿ. ಅದೂ ಅವ್ವನದೇ. ರಾಧಿಕಾಳ ನಗು ಅಲ್ಲಿಗೇ ನಿಂತಿತು. ತಾನು ಕನ್ನಡಿಯ ಮುಂದೆ ಎಷ್ಟು ಸಲ ಹಾಗೆ ನಗಲು ನೋಡಿದ್ದಳು! ತನ್ನ ನಗು ಸತ್ತ ಅಪ್ಪನದಂತೆ, ಅಜ್ಜಿ ಹೇಳುತ್ತಿದ್ದಳು.

‘ಅವ್ವ ಎಂದ ಬರ್ತಾರ್ರೀ?’ ಭಾಗ್ಯಾ ಕೇಳಿದಳು.

‘ಮುಂದಿನ ವಾರ.’

‘ಇಲ್ಲಿಗೇನ್ರೀ? ಈ ಮಾಳಗಿಗಿ?’

‘ಮತ್ತೆಲ್ಲಿಗಿ?’

ಭಾಗ್ಯಾ ನೆಲದ ಮೇಲೆ ಬೆರಳಾಡಿಸಿದಳು. ‘ಅವ್ವಗ ಮೊಣಕಾಲ ಬ್ಯಾನಿ ಐತ್ರಿ. ಆಶ್ರಮದಾಗೂ ಈಗೀಗ ಮ್ಯಾಲ ಹತ್ತತಿರಲಿಲ್ಲ. ಈ ಪಾವಟಿಗಿ ಕಡಿದು ಅದಾವಲ್ರಿ.’

ಕುಳ್ಳಿನ ಮೇಲಿನ ಬೂದಿ ಹಾರಿತು. ವರ್ಷವೆಲ್ಲ ಹುಡುಕಿ, ಗಾಳಿ ನೋಡಿ, ಬಿಸಿಲು ನೋಡಿ ಹಿಡಿದ ಮನೆ. ಮೊನ್ನೆ ಬಂದವಳು ಇದು ಅವ್ವನಿಗೆ ಆಗುವುದಿಲ್ಲ ಅನ್ನುತ್ತಾಳೆ. ನನ್ನ ಅವ್ವನ ಮೊಣಕಾಲನ್ನು ನನಗೇ ಹೇಳಿಕೊಡುತ್ತಾಳೆ.

‘ನನಗೇನೂ ಹೇಳಿಲ್ಲ ಅಕಿ’ ಎಂದು ಅಲ್ಲೇ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ‘ಯವ್ವಾ, ನಿನಗ ಮೊಣಕಾಲ ನೂಸ್ತಾವೇನ?’

ಆ ಕಡೆ ಮಕ್ಕಳ ಗಲಾಟೆಯ ನಡುವಿನಿಂದ ಅವ್ವನ ದನಿ ಬಂತು. ‘ಏನಿಲ್ಲ ಬಿಡ ಯವ್ವಾ. ವಯಸ್ಸಾದ ಮ್ಯಾಲ ಯಾರಿಗೆ ಇರಂಗಿಲ್ಲ?’

‘ಪಾವಟಿಗಿ ಹತ್ತತೀ?’

‘ನಿನ್ನ ಮನೀಗಿ ಹತ್ತಲಾರದೇನು.’

ರಾಧಿಕಾ ಫೋನು ಇಟ್ಟು ಭಾಗ್ಯಾಳ ಕಡೆ ನೋಡಿದಳು. ಗೆದ್ದವರು ನೋಡುವ ಹಾಗೆ. ಭಾಗ್ಯಾ ಬಾಗಿಲಾಚೆಯ ಪಾವಟಿಗೆಗಳತ್ತ ನೋಡಿದಳು. ಆ ನೋಟ ಒಪ್ಪಿಗೆಯ ನೋಟವಾಗಿರಲಿಲ್ಲ, ಅದೇ ರಾಧಿಕಾಳನ್ನು ಕೆಣಕಿತು. ಮಾತು ತಾನೇ ಬಾಯಿಗೆ ಬಂತು. ಬಂದ ಮೇಲೆ ಅದು ಎಷ್ಟೋ ದಿನಗಳಿಂದ ಅಲ್ಲೇ ಕಾದು ಕೂತಿತ್ತೆಂದು ಗೊತ್ತಾಯಿತು.

‘ಅವ್ವ ಬಂದ್ರ ಇಲ್ಲಿ ಜಾಗ ಸಾಲಂಗಿಲ್ಲ ಭಾಗ್ಯಾ. ಅಷ್ಟರೊಳಗ ನಿಂದೊಂದು ಖೋಲಿ ನೋಡ್ಕೋ. ನಿನ್ನ ಕಾಲ ಮ್ಯಾಲ ನೀ ನಿಂದರಬೇಕಲ್ಲ? ಅವ್ವಗೂ ಅದ ಬೇಕಾಗೈತಿ.’

ಕೊನೆಯ ಮಾತು ಸುಳ್ಳಾಗಿರಲಿಲ್ಲ. ಒಳ್ಳೆಯ ಹೊಟ್ಟೆಕಿಚ್ಚು ಸುಳ್ಳು ಹೇಳುವುದಿಲ್ಲ, ಖರೆ ಮಾತುಗಳಲ್ಲೇ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತದೆ.

‘ಹೂಂ ರಿ ಅಕ್ಕಾ’ ಅಂದಳು ಭಾಗ್ಯಾ.

ರಾಧಿಕಾ ತಿಳಿದದ್ದು, ಅವಳು ಬೇರೆ ಓಣಿಗೆ, ರಬಕವಿಯ ಕಡೆಗೆ ಹೋಗುತ್ತಾಳೆಂದು; ಆಗಾಗ ಬಂದು ಹೋಗುವ ನೆಂಟರ ಹಾಗೆ ಆಗುತ್ತಾಳೆಂದು. ಭಾಗ್ಯಾ ಹೋದದ್ದು ಬರೀ ಪಾವಟಿಗೆ ಇಳಿದು. ಮಗ್ಗಗಳ ಪಕ್ಕದಲ್ಲಿ ಗಿರಿಮಲ್ಲಪ್ಪನ ನೂಲು ಇಡುವ ಖೋಲಿ ಇತ್ತು. ಅರ್ಧ ಕತ್ತಲು, ಗೋಡೆಯೆಲ್ಲ ಹತ್ತಿಯ ಧೂಳು, ಮಗ್ಗ ನಡೆದರೆ ನೆಲ ನಡುಗುತ್ತದೆ. ‘ನೂಲನ್ನ ಪಡಸಾಲ್ಯಾಗ ಇಡ್ತೇನಿ. ಖೋಲಿ ನಿನಗ, ಬಾಡಗಿ ಕಂಡಕಿ ಕೂಲ್ಯಾಗ ಮುರಕೊಳ್ಳೂಣು’ ಅಂದನಂತೆ ಮುದುಕ. ಸಂಜೆಯೊಳಗೆ ಅವಳು ಗೋಡೆ ಝಾಡಿಸಿ, ನೆಲ ಸಾರಿಸಿ, ಒಂದು ಚಾಪೆ ಹಾಸಿ ಆಗಿತ್ತು.

ಸಂಜೆ ರಾಧಿಕಾ ಮೇಲೆ ಒಬ್ಬಳೇ ಕೂತಿದ್ದಾಗ ಕೆಳಗಿನಿಂದ ಒಂದು ಹೊಸ ಸಪ್ಪಳ ಬರಲು ಶುರುವಾಯಿತು. ಚಿಲಕ ಹಾಕುವುದು. ತೆಗೆಯುವುದು. ಮತ್ತೆ ಹಾಕುವುದು. ಆಶ್ರಮದಲ್ಲಿ ಬಚ್ಚಲಿಗೂ ಒಳಚಿಲಕ ಇರಲಿಲ್ಲವೆಂದು ಭಾಗ್ಯಾ ಒಮ್ಮೆ ಹೇಳಿದ್ದಳು. ರಾಧಿಕಾ ಇಳಿದುಹೋಗಿ ಎಂದಿನಂತೆ ಬಾಗಿಲು ನೂಕಿದಳು. ಬಾಗಿಲು ಜಗ್ಗಲಿಲ್ಲ.

‘ಯಾರ್ರೀ?’ ಒಳಗಿನಿಂದ ದನಿ.

‘ನಾ ಬೇ. ಮತ್ಯಾರು?’

ಚಿಲಕ ಸರಿಯಿತು. ಭಾಗ್ಯಾಳ ಮುಖದಲ್ಲಿ ರಾಧಿಕಾ ಈವರೆಗೆ ಕಾಣದ ಒಂದು ಕಳೆಯಿತ್ತು. ಕೊರಳಲ್ಲಿ ಹಳದಿ ಗಂಟಿನ ಜೊತೆ ಅದೇ ದಾರಕ್ಕೆ ಹೊಸ ಕೀಲಿಕೈ. ಒಲೆಯ ಮೇಲೆ ಅಂಗೈಯಗಲದ ಪಾತ್ರೆ, ಅದರಲ್ಲಿ ಒಂದು ಜೀವಕ್ಕೆ ಸಾಕಾಗುವಷ್ಟು ಅನ್ನ.

‘ಬರ್ರಿ ಅಕ್ಕಾ, ಕುಂಡ್ರರಿ’ ಅಂದಳು, ಮನೆಯವಳು ನೆಂಟರಿಗೆ ಹೇಳುವ ಹಾಗೆ.

ರಾಧಿಕಾ ಕೂರಲಿಲ್ಲ. ಎರಡು ಖೋಲಿ, ಎದುರುಬದುರು ಕಿಟಕಿ ಇರುವವಳು ಈ ಬಿಲಕ್ಕೆ ಹೊಟ್ಟೆಕಿಚ್ಚು ಪಡುವುದುಂಟೇ ಎಂದು ತನ್ನನ್ನೇ ಬೈದುಕೊಳ್ಳುತ್ತ ಪಾವಟಿಗೆ ಹತ್ತಿದಳು.

ತಾರವ್ವ ಬಂದದ್ದು ಸೋಮವಾರದ ಹೊತ್ತೇರುವ ಸಮಯಕ್ಕೆ. ಅವಳನ್ನು ಬಸ್‌ಸ್ಟ್ಯಾಂಡಿನಿಂದ ಕರೆತಂದ ಆಟೋ ಓಣಿಯ ಬಾಯಲ್ಲಿ ನಿಂತಿತು. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಆಶ್ರಮದ ಮಕ್ಕಳು ಕೊಟ್ಟ ಲಾಡಿನ ಡಬ್ಬಿ. ರಾಧಿಕಾ ಟ್ರಂಕು ಹೊತ್ತು ಮುಂದೆ ಹತ್ತಿದಳು. ಮೇಲೆ ಬಾಗಿಲಿಗೆ ತೋರಣ ಕಟ್ಟಿದ್ದಳು, ಹಾಲು ಒಲೆಯ ಮೇಲಿಟ್ಟು ಬಂದಿದ್ದಳು. ಮಾಳಿಗೆಯ ಬಿಸಿಲಿನಲ್ಲಿ ಕಂಬಳಿ ಹಾಸಿದ್ದಳು.

‘ಬಾ ಯವ್ವಾ’ ಎಂದು ತಿರುಗಿದಳು.

ತಾರವ್ವ ಮೂರನೆಯ ಪಾವಟಿಗೆಯ ಮೇಲೆ ಕೂತುಬಿಟ್ಟಿದ್ದಳು. ಒಂದು ಕೈ ಗೋಡೆಯ ಮೇಲೆ, ಒಂದು ಕೈ ಮೊಣಕಾಲ ಮೇಲೆ. ಬಿಗಿಹಿಡಿದ ತುಟಿ ಬಿಳಿಚಿತ್ತು.

‘ನೀ ನಡಿ. ನಾ ಸಾವಕಾಶ ಬರ್ತೇನಿ.’

ರಾಧಿಕಾ ಟ್ರಂಕನ್ನು ಅಲ್ಲೇ ಇಟ್ಟು ಇಳಿದಳು. ಅವ್ವನ ಸೀರೆಯ ಅಂಚು ತುಸು ಸರಿದಿತ್ತು. ದಿನವೂ ರೋಗಿಗಳನ್ನು ನೋಡುವವಳಿಗೆ ಆ ಬಾವು ಏನೆಂದು ಹೇಳಿಕೊಡಬೇಕಾಗಿರಲಿಲ್ಲ.

‘ಯಾಕ ಹೇಳಲಿಲ್ಲ ಯವ್ವಾ?’

‘ನೀ ಎಷ್ಟ ಆಸೆಲೆ ಹಿಡದೀ ಈ ಮನಿ. ಗಾಳಿ ಐತಿ, ಬಿಸಲ ಐತಿ ಅಂತ ಫೋನಿನ್ಯಾಗ ಕುಣಿಯಾಕತ್ತಿದ್ದಿ. ಹೆಂಗ ಹೇಳಲಿ?’

‘ಭಾಗ್ಯಾಗ ಹೇಳೀ.’

‘ಅಕಿಗಿ ಎಲ್ಲಿ ಹೇಳೇನಿ? ಅಕಿ ನೋಡ್ಯಾಳ.’

ತಾರವ್ವ ಅದನ್ನು ಯಾವ ಕೊಂಕೂ ಇಲ್ಲದೆ ಹೇಳಿದಳು. ಕೊಂಕಿದ್ದರೆ ತಡೆದುಕೊಳ್ಳಬಹುದಿತ್ತು.

ಮಗ್ಗದ ಸದ್ದಿನ ನಡುವೆ ಚಿಲಕ ಸರಿದು ಕೆಳಗಿನ ಬಾಗಿಲು ತೆರೆಯಿತು. ಭಾಗ್ಯಾ ಬಂದಳು, ಕೂದಲ ತುಂಬ ಹತ್ತಿಯ ಎಳೆ. ತಾರವ್ವನನ್ನು ನೋಡಿ ಓಡಿ ಬರಲಿಲ್ಲ. ಮೊದಲು ಒಳಗೆ ಹೋಗಿ ಬಿಸಿನೀರಿನ ತಂಬಿಗೆ, ಅರಿವೆ ತಂದಳು. ಕಾಲಬುಡದಲ್ಲಿ ಕೂತು ಮೊಣಕಾಲಿಗೆ ಕಾವು ಕೊಡತೊಡಗಿದಳು. ತಾರವ್ವ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಎಷ್ಟೋ ಸಲ ನಡೆದ ಕೆಲಸದ ಹಾಗೆ ಅದು ನಡೆಯಿತು. ಅವ್ವನ ಕಾಲು ಹಿಡಿಯುವುದು ಹೇಗೆಂದು ರಾಧಿಕಾಳಿಗೆ ಗೊತ್ತಿರಲಿಲ್ಲ. ಅವಳು ನಿಂತೇ ಇದ್ದಳು, ಸಾಲಿನ ಹೊರಗೆ.

‘ಎಲ್ಲಿರ್ತಿ ಈಗ?’ ತಾರವ್ವ ಕೇಳಿದಳು.

‘ಇಲ್ಲೇ ಅವ್ವಾ. ಈ ಖೋಲಿ. ನಂದ.’

‘ಕೀಲಿ ಐತೇನ?’

ಭಾಗ್ಯಾ ಕೊರಳ ದಾರ ಎತ್ತಿ ತೋರಿಸಿದಳು. ತಾರವ್ವ ಆ ಕೀಲಿಕೈಯನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಕೂಸಿನ ಮೊದಲ ಹಲ್ಲು ಮುಟ್ಟುವ ಹಾಗೆ. ಡಬ್ಬಿ ತೆಗೆದು ಲಾಡು ಕೊಟ್ಟಳು. ಭಾಗ್ಯಾ ಅದನ್ನು ಹಿಡಿದು ನಿಲ್ಲಲಿಲ್ಲ, ನೇರ ಬಾಯಿಗಿಟ್ಟು ಕಚ್ಚಿದಳು.

ಆಗ ಕರೆಂಟು ಹೋಯಿತು. ಮಗ್ಗಗಳು ಒಮ್ಮೆಲೇ ನಿಂತವು. ಓಣಿಯ ಎಲ್ಲ ಮಗ್ಗಗಳೂ ನಿಂತವು. ಗಿರಿಮಲ್ಲಪ್ಪ ಕೆಮ್ಮುತ್ತ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಮೇಲೆ ಹಾಲು ಉಕ್ಕಿ ಸೀಯುವ ವಾಸನೆ ಕೆಳಗಿಳಿಯಿತು, ಯಾರೂ ಏಳಲಿಲ್ಲ.

ರಾಧಿಕಾಳಿಗೆ ಎಲ್ಲವೂ ಒಂದೇ ಏಟಿಗೆ ಸ್ಪಷ್ಟವಾಯಿತು. ಅವ್ವ ಮೇಲೆ ಬರಲಾರಳು. ಕೆಳಗೆ ಇರುವುದು ಒಂದೇ ಖೋಲಿ. ಅದರ ಕೀಲಿಕೈ ಯಾರ ಕೊರಳಲ್ಲಿದೆಯೋ ಅವ್ವ ಅವರ ಹತ್ತಿರ ಇರುತ್ತಾಳೆ. ಆ ಕೀಲಿಕೈಯನ್ನು ಅವಳ ಕೊರಳಿಗೆ ಕಟ್ಟಿದ್ದು ತಾನೇ. ಆದರೆ ಏನಾಯಿತು? ಕೇಳಿದರೆ ಕೊಡುತ್ತಾಳೆ. ಏನು ಕೇಳಿದರೂ ಹೂಂ ಅನ್ನುವವಳು.

‘ಭಾಗ್ಯಾ’ ಅಂದಳು, ದನಿಯನ್ನು ಆದಷ್ಟು ಮೆತ್ತಗೆ ಮಾಡಿ. ‘ನೀ ಮ್ಯಾಲ ಹೋಗು. ಎರಡೂ ಖೋಲಿ ನಿನಗ ಇರಲಿ. ಬಾಡಗಿ ನಾ ಕೊಡ್ತೇನಿ. ಫ್ಯಾನು, ಕನ್ನಡಿ ಕಪಾಟು, ಗ್ಯಾಸು ಎಲ್ಲಾ ಹಂಗ ಇರಲಿ, ಒಂದೂ ಇಳಸಂಗಿಲ್ಲ. ಗಾಳಿ ಛಲೋ ಬರ್ತೈತಿ. ನಾನೂ ಅವ್ವಾನೂ ಈ ನೂಲಿನ ಖೋಲ್ಯಾಗ ಇರ್ತೇವಿ.’

‘ಭಾಳ ಛಲೋ ಆತ ನೋಡವ್ವಾ’ ಅಂದ ಗಿರಿಮಲ್ಲಪ್ಪ ಕಟ್ಟೆಯಿಂದ. ‘ಬಿಲಾ ಕೊಟ್ಟು ಅರಮನಿ ತಗೊಂಡಂಗ.’

ಭಾಗ್ಯಾ ಉಳಿದ ಲಾಡನ್ನು ಕೈಯಲ್ಲಿ ಹಿಡಿದು ಮೇಲೆ ನೋಡಿದಳು. ತೋರಣ, ಕಿಟಕಿ, ಬಿಸಿಲು. ಆಮೇಲೆ ತನ್ನ ಬಾಗಿಲು ನೋಡಿದಳು. ಅವಳ ತುಟಿ ಹೂಂ ಅನ್ನುವ ಆಕಾರಕ್ಕೆ ಬಂದದ್ದನ್ನು ರಾಧಿಕಾ ಕಂಡಳು. ಒಳಗೇ ಹಿಗ್ಗಿದಳು. ಜೊತೆಗೆ ಇನ್ನೊಂದನ್ನೂ ಕಂಡಳು. ತಾರವ್ವ ಕಣ್ಣು ತೆರೆದಿದ್ದಳು. ಮೊಣಕಾಲ ನೋವನ್ನೂ ಮಗಳನ್ನೂ ಮರೆತು, ಅವಳು ಭಾಗ್ಯಾಳ ಬಾಯನ್ನೇ ನೋಡುತ್ತಿದ್ದಳು, ಗೋಡೆ ಬಿಟ್ಟು ನಿಂತ ಕೂಸು ಹೆಜ್ಜೆ ಕಿತ್ತಿಡುತ್ತದೆಯೇ ಎಂದು ನೋಡುವ ಹಾಗೆ. ಆ ನೋಟ ಸಾವಳಗಿಗೆ ಯಾವ ಬಸ್ಸಿನಲ್ಲೂ ಬಂದಿರಲಿಲ್ಲ.

‘ಅವ್ವ ಬರ್ಲಿ, ಎಷ್ಟ ದಿವಸರ ಇರ್ಲಿ’ ಅಂದಳು ಭಾಗ್ಯಾ. ‘ನೀವೂ ಬರ್ರಿ ಅಕ್ಕಾ.’

‘ಅದಲ್ಲ ಬೇ ನಾ ಕೇಳಿದ್ದು. ಖೋಲಿ ಕೊಡ್ತೀಯಿಲ್ಲೋ? ಮ್ಯಾಲಿಂದು ನಿನಗ, ಇದು ನಮಗ. ಹೂಂ ಅನ್ನು.’

ಭಾಗ್ಯಾ ಕೀಲಿಕೈಯನ್ನು ರವಿಕೆಯೊಳಗೆ ಇಳಿಬಿಟ್ಟಳು.

‘ಒಲ್ಲೆ’ ಅಂದಳು.